ಯಂತ್ರಕ್ಕೆ ಅಂಕಿತವುಂಟೆ?

ಮನುಷ್ಯನ ತೋಳಿನ ಶ್ರಮವನ್ನು ಯಂತ್ರಗಳು ಹಂಚಿಕೊಂಡು ಬಹುಕಾಲವಾಯಿತು. ಮಾನ್ವಿ ಸೀಮೆಯ ಭತ್ತದ ಗದ್ದೆಗಳಲ್ಲಿ ಕೊಯ್ಲಿನ ಯಂತ್ರಗಳು ಓಡಾಡುತ್ತವೆ. ರಾಯಚೂರಿನ ಹತ್ತಿ ಗಿರಣಿಗಳಲ್ಲಿ ಅರಳೆಯಿಂದ ಬೀಜವನ್ನು ಬಿಡಿಸುವುದು ಯಂತ್ರವೇ. ಇದನ್ನು ಕುರಿತು ಈಗ ಯಾರೂ ವಾದ ಮಾಡುವುದಿಲ್ಲ. ಆದರೆ ಕವಿತೆಯನ್ನು ಕಟ್ಟುವುದು, ಚಿತ್ರವನ್ನು ಬರೆಯುವುದು, ಹಾಡಿಗೆ ರಾಗವನ್ನು ಹಾಕುವುದು, ಇವು ಮನುಷ್ಯನ ಅಂತರಂಗಕ್ಕೆ ಮಾತ್ರ ಸಲ್ಲುವ ಕೆಲಸಗಳೆಂದು ನಾವೆಲ್ಲರೂ ನಂಬಿದ್ದೆವು. ೨೦೨೨ರ ನವೆಂಬರ್ ಕೊನೆಯಲ್ಲಿ ‘ಚಾಟ್‌ಜಿಪಿಟಿ’ ಎಂಬ ಸಾಧನವು ಜನರ ಕೈಗೆ ಬಂದ ಮೇಲೆ ಆ ನಂಬಿಕೆ ಅಲುಗಾಡತೊಡಗಿತು. ಕೃತಕ ಬುದ್ಧಿಮತ್ತೆಯೆಂದು ನಾವು ಕರೆಯುತ್ತಿರುವ ಈ ವಿದ್ಯೆ ಇಂದು ಮೊಬೈಲಿನ ಮೂಲಕ ದೇವದುರ್ಗದ ಹಳ್ಳಿಯ ಕಟ್ಟೆಯವರೆಗೂ ಬಂದಿದೆ. ೨೦೧೯ರಲ್ಲಿ ಆರಂಭವಾದ ನಮ್ಮ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಈ ವಿದ್ಯೆಯನ್ನು ಬೋಧಿಸುತ್ತಿದೆ.

ಆದುದರಿಂದ ಇದು ಎಲ್ಲಿಯೋ ದೂರದ ದೇಶದ ಮಾತಲ್ಲ. ನಮ್ಮ ಮನೆಯ ಮಾತು. ಬಸವ ಜಯಂತಿಯ ಭಾಷಣ, ಸ್ಮರಣ ಸಂಚಿಕೆಯ ಲೇಖನ, ಮಕ್ಕಳ ನಿಬಂಧ, ಕೊನೆಗೆ ವಚನದಂತೆ ತೋರುವ ನಾಲ್ಕು ಸಾಲುಗಳು, ಎಲ್ಲವನ್ನೂ ಅರೆನಿಮಿಷದಲ್ಲಿ ಈ ಯಂತ್ರದಿಂದ ಬರೆಸಿಕೊಳ್ಳಬಹುದಾಗಿದೆ. ಅದನ್ನು ನಾವು ಸ್ವಾಗತಿಸಬೇಕೆ, ದೂರವಿಡಬೇಕೆ? ಕಾಯಕವನ್ನು ಬದುಕಿನ ಮೂಲವೆಂದು ತಿಳಿದ ಸಮಾಜವು ಈ ಪ್ರಶ್ನೆಯನ್ನು ತನ್ನದೇ ಅಳತೆಗೋಲಿನಿಂದ ಅಳೆದು ನೋಡುವುದು ಒಳಿತು.

ಈ ಯಂತ್ರದ ಕೆಲಸವೇನು?

ಮೊದಲು ಅದರ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಪುಸ್ತಕಗಳು, ಪತ್ರಿಕೆಗಳು, ಅಂತರಜಾಲದ ಪುಟಗಳು ಹೀಗೆ ಕೋಟ್ಯಂತರ ಪುಟಗಳಷ್ಟು ಬರೆಹವನ್ನು ಗಣಕಯಂತ್ರಕ್ಕೆ ಉಣಿಸುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ವಾಡಿಕೆ ಎಂಬುದನ್ನು ಅದು ಲೆಕ್ಕದ ಬಲದಿಂದ ಗ್ರಹಿಸುತ್ತದೆ. ನಾವು ಪ್ರಶ್ನೆ ಕೇಳಿದಾಗ ಆ ವಾಡಿಕೆಯನ್ನು ಅನುಸರಿಸಿ ಮಾತುಗಳನ್ನು ಒಂದರ ಮುಂದೊಂದು ಜೋಡಿಸುತ್ತದೆ. ಚಿತ್ರ, ಸಂಗೀತಗಳ ವಿಷಯದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಅದು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ, ನಿಜ ಹೇಳಬೇಕೆಂದೂ ಹೇಳುವುದಿಲ್ಲ. ಒಪ್ಪುವಂತಹ ಮಾತನ್ನು ಹೇಳುತ್ತದೆ. ಇಲ್ಲದ ಪುಸ್ತಕವನ್ನು ಇದೆಯೆಂದು, ಆಡದ ಮಾತನ್ನು ಆಡಿದರೆಂದು ನಿಸ್ಸಂಕೋಚವಾಗಿ ಹೇಳಬಲ್ಲುದು. ಅಲ್ಲಮಪ್ರಭುಗಳ ಬೆಡಗಿನ ವಚನವೊಂದನ್ನು ಮುಂದಿಟ್ಟರೆ, ವಿದ್ವಾಂಸರು ತಡೆದು ತಡೆದು ಅರ್ಥ ಹೇಳುವ ಕಡೆಯಲ್ಲಿಯೂ ಅದು ತಡವರಿಸುವುದಿಲ್ಲ.

ಕನ್ನಡದ ವಿಷಯದಲ್ಲಿ ಇನ್ನೊಂದು ಕೊರತೆಯಿದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಬರೆಹ ಗಣಕಯಂತ್ರಕ್ಕೆ ದೊರೆತಿರುವುದು ಅತ್ಯಲ್ಪ. ದೊರೆತುದು ಕೂಡ ಬಹುಪಾಲು ಪತ್ರಿಕೆಯ ಕನ್ನಡ, ಕಚೇರಿಯ ಕನ್ನಡ, ಅನುವಾದದ ಕನ್ನಡ. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿನಲ್ಲಿ ಶಾಲೆಯನ್ನು ‘ಸಾಲಿ’ ಎಂದೂ ಆಸ್ಪತ್ರೆಯನ್ನು ‘ದವಾಖಾನಿ’ ಎಂದೂ ಕರೆಯುವ, ಉರ್ದು ತೆಲುಗುಗಳೊಡನೆ ಕೊಟ್ಟು ಕೊಂಡು ಬೆಳೆದ ಮಾತುಂಟು. ಆ ಮಾತಿನ ಹದ ಯಂತ್ರಕ್ಕೆ ಸುಲಭವಾಗಿ ಸಿಕ್ಕದು. ಏಕೆಂದರೆ ಆ ಮಾತು ಅಚ್ಚಿಗೆ ಬಂದುದೇ ಕಡಿಮೆ.

ಪರವಾಗಿ ಹೇಳುವವರು

ಯಂತ್ರವನ್ನು ಮೆಚ್ಚುವವರ ವಾದವನ್ನು ಹಗುರವಾಗಿ ಕಾಣಬಾರದು. ಹೊಸ ಸಾಧನ ಬಂದಾಗಲೆಲ್ಲ ಹಳಬರು ಅಂಜಿದ್ದುಂಟು, ಕಡೆಗೆ ಆ ಸಾಧನದಿಂದ ಲೋಕಕ್ಕೆ ಹಿತವೇ ಆಯಿತು ಎಂಬುದು ಅವರ ಮೊದಲ ಮಾತು. ಇದಕ್ಕೆ ನಮ್ಮಲ್ಲಿಯೇ ದೊಡ್ಡ ನಿದರ್ಶನವಿದೆ. ವಿಜಯಪುರದ ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಡವೋಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ತಾವೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮಠದ ಗೂಡುಗಳಲ್ಲಿ, ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳು ಓದುವ ಪುಸ್ತಕಗಳಾದುದು ಅಚ್ಚಿನ ಯಂತ್ರದಿಂದ. ಅಂದು ಯಂತ್ರ ಬೇಡವೆಂದಿದ್ದರೆ ಇಂದು ನಮ್ಮ ಮಕ್ಕಳ ಕೈಯಲ್ಲಿ ವಚನಗಳೇ ಇರುತ್ತಿರಲಿಲ್ಲ.

ಆ ಕೆಲಸ ಮುಂದುವರಿದು, ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸಮಗ್ರ ವಚನ ಸಾಹಿತ್ಯವು ೧೫ ಸಂಪುಟಗಳಲ್ಲಿ ಪ್ರಕಟವಾಯಿತು. ೨೦೧೦ರ ದಶಕದಲ್ಲಿ ಓ.ಎಲ್. ನಾಗಭೂಷಣಸ್ವಾಮಿಯವರಂತಹ ವಿದ್ವಾಂಸರೂ ತಂತ್ರಜ್ಞರಾದ ಯುವಕರೂ ಕೂಡಿ ‘ವಚನ ಸಂಚಯ’ವೆಂಬ ತಾಣವನ್ನು ರೂಪಿಸಿ, ಸುಮಾರು ೨೧,೦೦೦ ವಚನಗಳನ್ನು ಯಾರು ಬೇಕಾದರೂ ಹುಡುಕಿ ಓದುವಂತೆ ಮಾಡಿದರು. ಒಂದು ಶಬ್ದವನ್ನು ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂದು ತಿಳಿಯಲು ಹಿಂದೆ ಪಂಡಿತರಿಗೆ ವರ್ಷಗಳೇ ಬೇಕಾಗುತ್ತಿದ್ದವು. ಈಗ ಕ್ಷಣ ಸಾಕು. ಇದೂ ಯಂತ್ರದ ಉಪಕಾರವೇ.

ಬಡವನಿಗೂ ಕಲೆಯ ಬಾಗಿಲು ತೆರೆಯುತ್ತದೆ ಎಂಬುದು ಎರಡನೆಯ ಮಾತು. ಬೆಂಗಳೂರು ಸಮೀಪದ ದೇವಾಲಯವೊಂದರ ಅರ್ಚಕರಾದ ಎಸ್. ನರಸಿಂಹಮೂರ್ತಿಯವರು ೨೦೨೫ರಲ್ಲಿ ‘ಲವ್ ಯು’ ಎಂಬ ಕನ್ನಡ ಚಲನಚಿತ್ರವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದಲೇ ತಯಾರಿಸಿದರು. ಅದರ ವೆಚ್ಚ ಸುಮಾರು ೧೦ ಲಕ್ಷ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ನಟರಿಲ್ಲ, ಛಾಯಾಗ್ರಾಹಕರಿಲ್ಲ, ತೆರೆಯ ಮೇಲಿನ ಮುಖಗಳೂ ಯಂತ್ರವು ರಚಿಸಿದವೇ. ಕೋಟಿಗಟ್ಟಲೆ ಹಣವಿಲ್ಲದವನೂ ಚಿತ್ರ ತೆಗೆಯಬಹುದೆಂದು ಕೆಲವರು ಹಿಗ್ಗಿದರು. ಹಾಗಾದರೆ ನಟರು, ವಾದ್ಯಗಾರರು, ಬೆಳಕಿನ ಕೆಲಸದವರು ಎಲ್ಲಿಗೆ ಹೋಗಬೇಕೆಂದು ಮತ್ತೆ ಕೆಲವರು ಕೇಳಿದರು.

ವಿರೋಧಿಸುವವರು

ಈ ಎರಡನೆಯ ಪ್ರಶ್ನೆಯೇ ಅಮೆರಿಕದ ಚಿತ್ರಕಥಾ ಲೇಖಕರನ್ನು ಬೀದಿಗಿಳಿಸಿತು. ೨೦೨೩ರ ಮೇ ೨ರಂದು ಮುಷ್ಕರ ಹೂಡಿದ ಅವರು ೧೪೮ ದಿನ ಕೆಲಸಕ್ಕೆ ಮರಳಲಿಲ್ಲ. ಹೆಚ್ಚಿನ ಸಂಭಾವನೆಯ ಜೊತೆಗೆ ಅವರು ಕೇಳಿದ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದು. ಒಪ್ಪಂದದಲ್ಲಿ ಮೂರು ಮಾತುಗಳು ಸೇರಿದವು: ಯಂತ್ರವನ್ನು ಲೇಖಕನೆಂದು ಪರಿಗಣಿಸುವಂತಿಲ್ಲ, ಅದನ್ನು ಬಳಸಲೇಬೇಕೆಂದು ಲೇಖಕನನ್ನು ಒತ್ತಾಯಿಸುವಂತಿಲ್ಲ, ಯಂತ್ರ ಬರೆದುದನ್ನು ಲೇಖಕನ ಕೈಗೆ ಕೊಡುವಾಗ ಅದನ್ನು ಮುಚ್ಚಿಡುವಂತಿಲ್ಲ. ಯಂತ್ರವನ್ನು ಅವರು ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಬೇಕು. ಅದರ ಸ್ಥಾನವನ್ನು ಗೊತ್ತುಪಡಿಸಿದರು.

ಗಾಯನ ಲೋಕದಿಂದ ಎರಡು ನಿದರ್ಶನಗಳನ್ನು ಹೇಳಬಹುದು. ೨೦೨೪ರ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದಲ್ಲಿ ಎ.ಆರ್. ರೆಹಮಾನ್ ಅವರು ತೀರಿಹೋದ ಇಬ್ಬರು ಗಾಯಕರ ಕಂಠವನ್ನು ಯಂತ್ರದಿಂದ ಮರಳಿ ಕೇಳಿಸಿದರು. ಅವರ ಕುಟುಂಬಗಳ ಅನುಮತಿ ಪಡೆದು, ಗೌರವಧನವನ್ನೂ ಸಲ್ಲಿಸಿದುದಾಗಿ ತಿಳಿಸಿದರು. ಅದೇ ವರ್ಷ, ಕನ್ನಡಿಗರ ಮನೆಮನೆಗೂ ಪ್ರಿಯರಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ತೆಲುಗು ಚಿತ್ರವೊಂದರಲ್ಲಿ ತಮ್ಮ ಒಪ್ಪಿಗೆಯಿಲ್ಲದೆ ಬಳಸಿದ್ದಾರೆಂದು ಆಕ್ಷೇಪಿಸಿ ಅವರ ಮಗ ನೋಟೀಸು ಕಳುಹಿಸಿದರು. ಯಂತ್ರ ಒಂದೇ, ವಿದ್ಯೆ ಒಂದೇ. ಕೇಳಿ ಪಡೆದುದಕ್ಕೂ ಕೇಳದೆ ತೆಗೆದುಕೊಂಡರೆಂಬ ದೂರಿಗೂ ಇರುವ ಅಂತರವೇ ಇಲ್ಲಿಯ ಧರ್ಮಸೂಕ್ಷ್ಮ. ಯಂತ್ರಗಳಿಗೆ ಉಣಿಸಿದ ಬರೆಹವು ಯಾರದು, ಅವರನ್ನು ಕೇಳಿದರೆ ಎಂಬ ಪ್ರಶ್ನೆಯನ್ನು ಹೊತ್ತು ನಮ್ಮ ದೇಶದ ಸುದ್ದಿಸಂಸ್ಥೆಯೊಂದು ೨೦೨೪ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಭಾರತದ ಕೃತಿಸ್ವಾಮ್ಯ ಕಾಯ್ದೆ ೧೯೫೭ರದು. ಅದಕ್ಕೆ ೧೯೯೪ರಲ್ಲಿ ಮಾಡಿದ ತಿದ್ದುಪಡಿಯಂತೆ, ಗಣಕಯಂತ್ರದಿಂದ ಉಂಟಾದ ಕೃತಿಗೆ ಅದನ್ನು ಉಂಟುಮಾಡಿಸಿದ ವ್ಯಕ್ತಿಯೇ ಕರ್ತೃ. ಇಂದಿನ ಯಂತ್ರಗಳನ್ನು ಕಂಡು ಬರೆದ ಮಾತಲ್ಲ ಅದು. ಆದರೂ ಅದರ ಒಳದನಿ ಯೋಚಿಸತಕ್ಕದ್ದು. ಹೊಣೆಯನ್ನು ಹೊರಬೇಕಾದವನು ಮನುಷ್ಯನೇ ಹೊರತು ಯಂತ್ರವಲ್ಲ.

ಹೆಸರಿನ ಬೆಲೆ

ಹೊಣೆಯ ಮಾತು ಬಂದಾಗ ನಮ್ಮ ಜಿಲ್ಲೆಯ ಮಸ್ಕಿಯನ್ನು ನೆನೆಯಬೇಕು. ದೇಶದ ಹಲವೆಡೆ ಬಂಡೆಗಳ ಮೇಲೆ ಧರ್ಮಶಾಸನಗಳಿದ್ದವು. ಅವುಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ಅರಸನ ಸ್ವಂತ ಹೆಸರು ಕಂಡಿರಲಿಲ್ಲ. ೧೯೧೫ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ವಿದ್ವಾಂಸರು ಊಹೆಯಿಂದ ಹೇಳುತ್ತಿದ್ದುದು ಅಲ್ಲಿಗೆ ಸ್ಥಿರಪಟ್ಟಿತು. ಮಾತು ಯಾರದೆಂದು ತಿಳಿದಾಗಲೇ ಆ ಮಾತಿನ ಹಿಂದಿನ ಪಶ್ಚಾತ್ತಾಪವೂ ದಯೆಯೂ ನಮಗೆ ಮುಟ್ಟುತ್ತವೆ.

ಹೆಸರಿಗೆ ನಮ್ಮ ಹಿರಿಯರು ಕೊಟ್ಟ ರೂಪವೇ ಅಂಕಿತ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಈ ಮೂವರೂ ನಮ್ಮ ನೆಲದ ಹಿರಿಯರು. ದಾಸ ಪರಂಪರೆಯಲ್ಲಿ ಅಂಕಿತವನ್ನು ಯಾರೂ ತಾವಾಗಿ ಇಟ್ಟುಕೊಳ್ಳುವಂತಿರಲಿಲ್ಲ; ಅದು ಗುರುವಿನ ಅನುಗ್ರಹದಿಂದ ಬರಬೇಕಿತ್ತು. ಗೋಪಾಲದಾಸರಿಗೆ ಅಂಕಿತ ನೀಡಿದವರು ವಿಜಯದಾಸರು.

ಶರಣರ ಅಂಕಿತದ ಬಗೆ ಇನ್ನೂ ಆಳವಾದುದು. ಅಲ್ಲಿ ಬರೆದವರ ಹೆಸರಿಲ್ಲ, ನಂಬಿದ ದೈವದ ಹೆಸರಿದೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಯವರಿಗೆ ಚೆನ್ನಮಲ್ಲಿಕಾರ್ಜುನ. ಇದರ ಅರ್ಥವೇನು? ನಾನಾಡಿದ ಮಾತಿಗೆ ನನ್ನ ಇಷ್ಟಲಿಂಗವೇ ಸಾಕ್ಷಿ. ಮಾತು ಹುಸಿಯಾದರೆ ಆ ಸಾಕ್ಷಿಯ ಮುಂದೆ ನಾನು ನಿಲ್ಲಲಾರೆ ಎಂದು. ನುಡಿಗೂ ನಡೆಗೂ ಅಂತರವಿರಬಾರದೆಂಬ ಆಣೆಯೇ ಅಂಕಿತ. ಬಸವಣ್ಣನವರ ಅಂಕಿತವನ್ನು ಬದಲಿಸಿದ ‘ವಚನದೀಪ್ತಿ’ ಗ್ರಂಥವನ್ನು ಸರ್ಕಾರವು ೧೯೯೮ರಲ್ಲಿ ಮುಟ್ಟುಗೋಲು ಹಾಕಿಕೊಂಡುದೂ, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿದುದೂ ಓದುಗರಿಗೆ ತಿಳಿದಿದೆ. ಆ ವಿವಾದದ ಗುಣದೋಷಗಳನ್ನು ಇಲ್ಲಿ ಎತ್ತುವುದಿಲ್ಲ. ಒಂದು ಅಂಕಿತವು ನಮ್ಮ ಸಮಾಜಕ್ಕೆ ಎಷ್ಟು ಮುಖ್ಯವಾದುದು ಎಂಬುದಕ್ಕೆ ಅದೊಂದು ಗುರುತು.

ಹೀಗಿರುವಾಗ ಯಂತ್ರವು ಜೋಡಿಸಿದ ಸಾಲುಗಳ ಕೆಳಗೆ ಶರಣರ ಅಂಕಿತವನ್ನು ಸೇರಿಸಿ ಮೊಬೈಲಿನಲ್ಲಿ ಹರಿಯಬಿಟ್ಟರೆ ಆಗುವ ಅನಾಹುತವನ್ನು ಊಹಿಸಬಹುದು. ಹಿಂದೆ ಪ್ರತಿಕಾರರು ಸೇರಿಸಿದ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ವಿದ್ವಾಂಸರು ಆಯುಷ್ಯವನ್ನೇ ಸವೆಸಿದರು. ಓಲೆಯ ಕಾಲದಲ್ಲಿ ಒಂದು ಪ್ರಕ್ಷಿಪ್ತ ವಚನವು ಹರಡಲು ತಲೆಮಾರುಗಳು ಬೇಕಾಗುತ್ತಿದ್ದವು. ಈಗ ಒಂದು ಸಂಜೆ ಸಾಕು. ನಿಜವಾದ ವಚನ ಯಾವುದು, ಹುಸಿ ಯಾವುದು ಎಂದು ನಮ್ಮ ಮೊಮ್ಮಕ್ಕಳು ತಿಳಿಯದಂತಾದರೆ ಹಳಕಟ್ಟಿಯವರ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದೀತು.

ಲಕ್ಕಮ್ಮನವರು ಮರಳಿಸಿದ ಅಕ್ಕಿ

ಇಲ್ಲಿ ನಮಗೆ ದಾರಿ ತೋರುವವರು ನಮ್ಮ ಜಿಲ್ಲೆಯವರೇ ಆದ ಶರಣ ದಂಪತಿಗಳು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮನವರ ಕಾಯಕವೆಂದರೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಇಷ್ಟು ನಮಗೇಕೆ, ಇದು ನಮ್ಮ ಕಾಯಕದ ಅಳತೆಯದಲ್ಲವೆಂದು ಅದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ತಮ್ಮ ಅಂಕಿತದಲ್ಲಿ ಪತಿಯ ಹೆಸರನ್ನೂ ದೈವದ ಹೆಸರನ್ನೂ ಸೇರಿಸಿಕೊಂಡ ಆ ತಾಯಿ ಪತಿಯ ಕೈಯಿಂದ ಬಂದ ಅಕ್ಕಿಯನ್ನೂ ಪರೀಕ್ಷಿಸದೆ ಬಿಡಲಿಲ್ಲ.

ಕೃತಕ ಬುದ್ಧಿಮತ್ತೆಯೂ ಒಂದು ರೀತಿಯಲ್ಲಿ ಆಯ್ದ ಅಕ್ಕಿಯೇ. ಲೋಕದ ಅಂಗಳದಲ್ಲಿ ಲಕ್ಷಾಂತರ ಮಂದಿ ಬರೆದ ಕಾಳುಗಳನ್ನು ಅದು ಆಯ್ದುಕೊಂಡಿದೆ. ಕವಿಗಳೂ ಹಿಂದಿನವರ ಕಾಳನ್ನು ಆಯ್ದವರೇ ಅಲ್ಲವೆ ಎಂದು ಅದರ ಪಕ್ಷದವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಆದರೆ ಮಾರಯ್ಯನವರು ಆಯ್ದುದು ಎಲ್ಲರ ಕಣ್ಣೆದುರಿಗೆ, ಬೆನ್ನು ಬಾಗಿಸಿ, ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಮಾತ್ರ. ಯಂತ್ರಕ್ಕಾಗಿ ಆಯ್ದವರು ಅಂಗಳದಲ್ಲಿ ಚೆಲ್ಲಿದ ಕಾಳಿಗೂ ಕಣಜದ ಕಾಳಿಗೂ ಭೇದವೆಣಿಸಿದರೆ, ಕಣಜದವರನ್ನು ಕೇಳಿದರೆ ಎಂಬುದೇ ನ್ಯಾಯಾಲಯಗಳ ಮುಂದಿರುವ ವಿವಾದ. ನಮ್ಮ ಸೀಮೆಯಲ್ಲಿ ಕೊಯ್ಲಿನ ಯಂತ್ರ ಬಂದ ಮೇಲೆ ಗದ್ದೆಯಲ್ಲಿ ಹಕ್ಕಲು ಆಯುವ ಬಡ ಹೆಣ್ಣುಮಕ್ಕಳಿಗೆ ಹಕ್ಕಲೇ ಕಡಿಮೆಯಾಯಿತು. ಊರ ಗೋಡೆಗಳ ಮೇಲೆ ಹೆಸರು ಬರೆದು ಬಾಳುತ್ತಿದ್ದ ಪೇಂಟರುಗಳಿಗೆ ಫ್ಲೆಕ್ಸ್ ಬಂದ ಮೇಲೆ ಕೆಲಸ ತಪ್ಪಿತು. ಆ ಫ್ಲೆಕ್ಸಿನ ಅಂಗಡಿಯಲ್ಲಿ ಕುಳಿತು ವಿನ್ಯಾಸ ಮಾಡುವ ಹುಡುಗನ ಸರದಿ ಈಗ ಬಂದಂತಿದೆ. ಸಾಧನದಿಂದಾಗುವ ಲಾಭವನ್ನು ಎಣಿಸುವಾಗ ಇವರನ್ನು ಮರೆಯಬಾರದು.

ಇದಕ್ಕಿಂತ ಒಳಗಿನ ನಷ್ಟವೊಂದಿದೆ. ಬರೆಯುವುದು ಕೇವಲ ಬರೆಹವನ್ನು ಪಡೆಯುವುದಕ್ಕಲ್ಲ. ಬರೆಯುತ್ತ ಬರೆಯುತ್ತ ಮನಸ್ಸು ತಿಳಿಯಾಗುತ್ತದೆ. ಬಸವಣ್ಣನವರನ್ನು ಕುರಿತು ನಿಬಂಧ ಬರೆಯಲು ಕುಳಿತ ಬಾಲಕಿಯು ಒಂದು ವಚನವನ್ನು ಹತ್ತು ಸಲ ಓದುತ್ತಾಳೆ, ತಾಯಿಯನ್ನು ಕೇಳುತ್ತಾಳೆ, ಅಜ್ಜನೊಡನೆ ವಾದಿಸುತ್ತಾಳೆ, ಬರೆದುದನ್ನು ಹೊಡೆದುಹಾಕುತ್ತಾಳೆ. ಆ ಹೊಡೆದುಹಾಕಿದ ಸಾಲುಗಳೇ ಅವಳ ವಿದ್ಯೆ. ಯಂತ್ರದಿಂದ ನಿಬಂಧ ತರಿಸಿಕೊಂಡವಳಿಗೆ ಬಹುಮಾನ ಬರಬಹುದು, ಅರಿವು ಬಾರದು. ಕಾಯಕವಿಲ್ಲದೆ ಬಂದ ಅಕ್ಕಿ ಅದು, ಲಕ್ಕಮ್ಮನವರು ಮರಳಿಸುತ್ತಿದ್ದರು.

ನಾವು ಪಾಲಿಸಬಹುದಾದ ನೇಮಗಳು

ಹಾಗೆಂದು ಯಂತ್ರವನ್ನು ಮನೆಯಿಂದ ಹೊರಹಾಕಬೇಕೆಂದು ನಾವು ಹೇಳುವುದಿಲ್ಲ. ಹೊರುವ ಕೆಲಸ, ಹುಡುಕುವ ಕೆಲಸ, ಜೋಡಿಸುವ ಕೆಲಸಕ್ಕೆ ಅದನ್ನು ಕರೆಯೋಣ. ಸಾಕ್ಷಿ ನುಡಿಯುವ ಕೆಲಸವನ್ನು ನಾವೇ ಮಾಡೋಣ. ಈ ತತ್ತ್ವದಿಂದ ಕೆಲವು ನೇಮಗಳು ಹೊರಡುತ್ತವೆ.

ಒಂದು, ಯಂತ್ರ ಬರೆದುದರ ಕೆಳಗೆ ಯಾವ ಶರಣರ ಅಂಕಿತವನ್ನೂ ಇಡಬಾರದು, ವಿನೋದಕ್ಕೂ ಕೂಡದು. ಮೊಬೈಲಿನಲ್ಲಿ ಹೊಸ ವಚನವೊಂದು ಬಂದರೆ ಸಮಗ್ರ ವಚನ ಸಂಪುಟದಲ್ಲಿಯೋ ವಚನ ಸಂಚಯದಲ್ಲಿಯೋ ಹುಡುಕಿ ಖಚಿತವಾದ ಮೇಲೆಯೇ ಇನ್ನೊಬ್ಬರಿಗೆ ಕಳುಹಿಸಬೇಕು.

ಎರಡು, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಆಮಂತ್ರಣ ಪತ್ರಿಕೆಗಳಲ್ಲಿ ಯಂತ್ರದ ನೆರವು ಪಡೆದಿದ್ದರೆ ಅದನ್ನು ಅಚ್ಚಿನಲ್ಲಿ ಹೇಳಿಬಿಡಬೇಕು. ಹೇಳಿ ಮಾಡುವುದರಲ್ಲಿ ಅವಮಾನವಿಲ್ಲ.

ಮೂರು, ಶಾಲೆ, ಮಠ, ಸಂಘಗಳ ಸ್ಪರ್ಧೆಗಳನ್ನು ಮನೆಯಿಂದ ಬರೆದು ತರುವಂತೆ ಏರ್ಪಡಿಸದೆ ಅಲ್ಲಿಯೇ ಕುಳಿತು ಬರೆಯುವಂತೆ, ನಿಂತು ಮಾತನಾಡುವಂತೆ ಏರ್ಪಡಿಸಬೇಕು. ‘ಕಾಯಕದ ಮಹತ್ವ’ ಎಂಬ ವಿಷಯಕ್ಕಿಂತ ‘ನಮ್ಮ ಓಣಿಯಲ್ಲಿ ನಾನು ಕಂಡ ಕಾಯಕಜೀವಿ’ ಎಂಬ ವಿಷಯ ಲೇಸು. ಮಾನ್ವಿಯ ಓಣಿಯಲ್ಲಿ ಮಡಕೆ ಮಾಡುವ ಅಜ್ಜಿಯನ್ನು ಯಂತ್ರವು ಕಂಡಿಲ್ಲ. ಆ ಮಗು ಕಂಡಿದೆ.

ನಾಲ್ಕು, ಒಬ್ಬರ ಕಂಠವನ್ನಾಗಲಿ ಮುಖವನ್ನಾಗಲಿ ಅವರ ಅಥವಾ ಮನೆಯವರ ಒಪ್ಪಿಗೆಯಿಲ್ಲದೆ ಬಳಸಬಾರದು. ಲಿಂಗೈಕ್ಯರಾದ ಪೂಜ್ಯರ ದನಿಯಲ್ಲಿ ಅವರು ನೀಡದ ಆಶೀರ್ವಚನವನ್ನು ಕೇಳಿಸುವುದು ಭಕ್ತಿಯೆನಿಸದು. ಊರಿನಲ್ಲಿ ಹಾಡುಗಾರರು, ಚಿತ್ರಗಾರರು ಇರುವಾಗ ಜಾತ್ರೆಯ ಕೆಲಸವನ್ನು ಮೊದಲು ಅವರಿಗೆ ಕೊಡುವುದು ದಾಸೋಹದ ಒಂದು ಅಂಗವೆಂದೇ ತಿಳಿಯಬೇಕು.

ಇನ್ನು ಯಂತ್ರದಿಂದ ತಪ್ಪದೆ ಮಾಡಿಸಬೇಕಾದ ಕೆಲಸವೊಂದಿದೆ. ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಬೀಸುವ ಪದ, ತತ್ತ್ವಪದ, ಭಜನೆಯ ಪದಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಹಾಡುಗಳಲ್ಲಿ ಅಚ್ಚಿಗೆ ಬಾರದವು ಎಷ್ಟೋ ಇವೆ. ಮೊಮ್ಮಕ್ಕಳು ತಮ್ಮ ಮೊಬೈಲಿನಲ್ಲಿ ಆ ಹಾಡುಗಳನ್ನು ಹಿಡಿದಿಡಲಿ. ಹಾಡಿದವರ ಹೆಸರು, ಊರು, ಕಲಿಸಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಗುರುತು ಮಾಡಲಿ. ದನಿಯನ್ನು ಅಕ್ಷರಕ್ಕಿಳಿಸುವಲ್ಲಿ ಯಂತ್ರ ನೆರವಾಗಲಿ. ತಪ್ಪನ್ನು ತಿದ್ದಲು ಅಜ್ಜಿಯೇ ಪಕ್ಕದಲ್ಲಿ ಕುಳಿತಿರಲಿ. ಹಳಕಟ್ಟಿಯವರಿಗೆ ಓಲೆಗರಿ ಮತ್ತು ಅಚ್ಚಿನ ಮೊಳೆ ಇದ್ದವು; ನಮಗೆ ಇದಿದೆ. ಕಾಲ ಕಳೆದರೆ ಹಾಡಿದವರು ಉಳಿಯುವುದಿಲ್ಲ, ಆಮೇಲೆ ಎಂತಹ ಯಂತ್ರ ಬಂದರೂ ಆ ಹಾಡನ್ನು ಮರಳಿ ಕೊಡಲಾರದು.

ಯಂತ್ರವು ಮಾತನ್ನು ಕೊಡಬಲ್ಲುದು. ಆ ಮಾತಿನಂತೆ ಬಾಳುತ್ತೇನೆಂದು ಆಣೆಯಿಡುವ ದೈವ ಅದಕ್ಕಿಲ್ಲ, ಆಣೆ ತಪ್ಪಿದರೆ ನೋಯುವ ಎದೆಯೂ ಇಲ್ಲ. ಆದುದರಿಂದ ಅದಕ್ಕೆ ಅಂಕಿತವೂ ಇಲ್ಲ. ಅಂಕಿತವನ್ನು ಉಳಿಸಿಕೊಂಡು ಬರುವ ಹೊಣೆ ಶರಣರ ಮಕ್ಕಳಾದ ನಮ್ಮೆಲ್ಲರದು. ಆ ಹೊಣೆಯನ್ನು ಪ್ರತಿಯೊಂದು ಮನೆಯೂ ಅರಿತು ನಡೆಯಲಿ.